ನೋಟವೆಂಬ ಕಾಯಕ

ಕಣ್ಣು ತೆರೆದಿರುವ ಮಾತ್ರಕ್ಕೆ ಮನುಷ್ಯನು ನೋಡುತ್ತಿದ್ದಾನೆಂದು ತಿಳಿಯಬಾರದು. ಎದುರಿಗೆ ವಸ್ತುವಿರುತ್ತದೆ, ಬೆಳಕೂ ಇರುತ್ತದೆ. ಆದರೆ ಮನಸ್ಸು ಅಲ್ಲಿಲ್ಲದಿದ್ದರೆ ಕಂಡದ್ದು ಕಾಣದ್ದಕ್ಕೆ ಸಮ. ದೂರದರ್ಶನದ ಪೆಟ್ಟಿಗೆಯು ಮನೆಮನೆಯನ್ನು ಹೊಕ್ಕಂದಿನಿಂದ ಅದರ ಮೇಲಿರುವ ದೊಡ್ಡ ಆಪಾದನೆಯೇ ಇದು: ಅದು ಮನಸ್ಸನ್ನು ಚದುರಿಸುತ್ತದೆ, ಒಂದೆಡೆ ನಿಲ್ಲಗೊಡುವುದಿಲ್ಲ. ಈ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೂ ಅದೇ ಪೆಟ್ಟಿಗೆಯಿಂದ ಬಂದ ಒಂದು ಬಗೆಯ ಚಿತ್ರಗಳು ಮನಸ್ಸನ್ನು ಒಂದೆಡೆ ನಿಲ್ಲಿಸಿವೆ. ಅವೇ ಪ್ರಾಣಿ, ಪಕ್ಷಿ, ಗಿಡಮರಗಳನ್ನು ಕುರಿತ ನಿಸರ್ಗ ಸಾಕ್ಷ್ಯಚಿತ್ರಗಳು. 1979ರಲ್ಲಿ ಬಿಬಿಸಿಯು ಪ್ರಸಾರ ಮಾಡಿದ 'ಲೈಫ್ ಆನ್ ಅರ್ತ್' ಸರಣಿಯನ್ನು ಜನರು ಈಗಲೂ ಹುಡುಕಿ ನೋಡುತ್ತಾರೆ. ಅದಕ್ಕಿಂತ ಸ್ಪಷ್ಟವಾದ ಚಿತ್ರಗಳು, ಆಕಾಶದಿಂದ ತೆಗೆದ ಬೆರಗಿನ ದೃಶ್ಯಗಳು ಇಂದು ಬೇಕಾದಷ್ಟಿವೆ. ಹೀಗಿದ್ದೂ ಆ ಹಳೆಯ ಚಿತ್ರಗಳ ಸೆಳೆತ ಏಕೆ ಉಳಿದಿದೆ? ಈ ಪ್ರಶ್ನೆಗೆ ಉತ್ತರವನ್ನು ಕೃಷ್ಣೆಯ ದಡದ ನಾರಾಯಣಪುರದಲ್ಲಿ, ನಿವೃತ್ತ ಶಿಕ್ಷಕರೊಬ್ಬರ ಬಾಳಿನಲ್ಲಿ ಹುಡುಕಬಹುದು.

ನಾರಾಯಣಪುರವೆಂದರೆ ಮೊದಲು ನೆನಪಾಗುವುದು ಆಣೆಕಟ್ಟು. ಕೃಷ್ಣಾ ಮೇಲ್ದಂಡೆ ಯೋಜನೆಯ ಭಾಗವಾಗಿ 1982ರಲ್ಲಿ ಪೂರ್ಣಗೊಂಡ ಈ ಕಟ್ಟೆಯ ಉದ್ದ ಹತ್ತು ಕಿಲೋಮೀಟರಿಗೂ ಮಿಗಿಲು. ಅದರ ಹಿಂದೆ ನಿಂತ ಜಲರಾಶಿಗೆ ಬಸವಸಾಗರವೆಂದು ಹೆಸರು. ಆ ಹೆಸರು ಸಾರ್ಥಕವಾದುದು. ಏಕೆಂದರೆ ಇದೇ ಹಿನ್ನೀರು ಮೇಲೆ ಕೂಡಲಸಂಗಮದವರೆಗೂ ಹಬ್ಬಿ, ಅಲ್ಲಿಯ ಐಕ್ಯಮಂಟಪವನ್ನು ಬಾವಿಯಂತಹ ಗೋಡೆ ಕಟ್ಟಿ ಕಾಪಾಡಬೇಕಾಯಿತು. ಕಾಲುವೆಯ ನೀರು ಸುರಪುರ, ಶಹಾಪುರದ ಒಣಭೂಮಿಗೆ ಹರಿದು ಭತ್ತದ ಗದ್ದೆಗಳನ್ನು ತಂದಿತು. ಅದೇ ನೀರು ಎಷ್ಟೋ ಮನೆಗಳನ್ನು, ಹೊಲಗಳನ್ನು ತನ್ನ ಒಡಲಿಗೆ ತೆಗೆದುಕೊಂಡಿತು. ಈ ಶಿಕ್ಷಕರ ತಂದೆಯ ನಾಲ್ಕು ಎಕರೆ ಎರೆಹೊಲವೂ ಅದರಲ್ಲಿ ಸೇರಿತ್ತು. ಆಗ ಅವರಿಗೆ ಇಪ್ಪತ್ತು ವರ್ಷ.

ಅವರು ಮೊತ್ತಮೊದಲು ದೂರದರ್ಶನವನ್ನು ಕಂಡದ್ದು ಅದಕ್ಕೂ ಏಳು ವರ್ಷ ಮೊದಲು, ಹದಿಮೂರರ ಬಾಲಕನಾಗಿದ್ದಾಗ. ಬೆಂಗಳೂರಿನವರೇ ಇನ್ನೂ ತಮ್ಮ ಮನೆಯಲ್ಲಿ ದೂರದರ್ಶನವನ್ನು ಕಾಣದಿದ್ದ ಕಾಲವದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ, ಅಮೆರಿಕದ 'ಎಟಿಎಸ್-6' ಉಪಗ್ರಹದ ನೆರವಿನಿಂದ 'ಸೈಟ್' ಎಂಬ ಪ್ರಯೋಗವು ದೇಶದ ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ, ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಿಂದ ಅದಕ್ಕೆ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಸುರಪುರ ಆಗ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿಯೊಂದನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆಯನ್ನು ಇಡುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ, ಸಂಜೆ ಊರವರಿಗಾಗಿ ಪ್ರಸಾರ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಪ್ರೊಫೆಸರ್ ಯಶಪಾಲ್ ಅವರು ಈ ಪ್ರಯೋಗದ ನೇತೃತ್ವ ವಹಿಸಿದ್ದರು. ಮಕ್ಕಳಿಗೆ ಉಪದೇಶ ಮಾಡುವುದಕ್ಕಿಂತ ಅವರಲ್ಲಿ ಪ್ರಶ್ನೆಯನ್ನು ಹುಟ್ಟಿಸಬೇಕೆಂಬುದು ಅವರ ನಿಲುವಾಗಿತ್ತು.

ಸೋದರಮಾವನ ಊರಿನ ಶಾಲೆಯ ಪಡಸಾಲೆಯಲ್ಲಿ ಕುಳಿತು ಆ ಬಾಲಕನು ಏನನ್ನು ನೋಡಿದನೆಂಬುದು ಇಂದು ಅವರಿಗೆ ಮರೆತುಹೋಗಿದೆ. ಒಂದು ಸಂಗತಿ ಮಾತ್ರ ನೆನಪಿನಲ್ಲಿದೆ. ಆ ಪೆಟ್ಟಿಗೆ ಕನ್ನಡದಲ್ಲಿ ಮಾತನಾಡಿತ್ತು. ಆಕಾಶದಿಂದ ಇಳಿದು ಬಂದ ಧ್ವನಿಯು ಹಳ್ಳಿಯ ಹುಡುಗನಿಗೆ ತಿಳಿಯುವ ಮಾತಿನಲ್ಲಿತ್ತು. ಒಂದು ವರ್ಷವಾದ ಮೇಲೆ ಉಪಗ್ರಹವು ತನ್ನ ಹಾದಿ ಹಿಡಿಯಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರವೇನೋ ಬಂದಿತು. ಆದರೆ ಮುಂದೆ ಬಂದ ಹಿರಿಯ ನಿಸರ್ಗ ಚಿತ್ರಗಳಾವುವೂ ಬಹುಕಾಲ ಕನ್ನಡದಲ್ಲಿ ಮಾತನಾಡಲಿಲ್ಲ.

ಆ ಹಿರಿಯ ಚಿತ್ರಗಳ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. 'ಲೈಫ್ ಆನ್ ಅರ್ತ್' ಹದಿಮೂರು ಕಂತುಗಳ ಸರಣಿ. ಕಡಲಿನ ಸೂಕ್ಷ್ಮಜೀವಿಯಿಂದ ತೊಡಗಿ ಮನುಷ್ಯನವರೆಗೆ ಜೀವಕುಲವು ನಡೆದುಬಂದ ದಾರಿಯನ್ನು ಅದು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿತು. ಅದನ್ನು ಬರೆದು ನಿರೂಪಿಸಿದವರು 1926ರ ಮೇ 8ರಂದು ಜನಿಸಿದ ಡೇವಿಡ್ ಅಟೆನ್‌ಬರೊ. ಮುಂದೆ 'ದ ಲಿವಿಂಗ್ ಪ್ಲಾನೆಟ್' 1984ರಲ್ಲಿ, 'ದ ಟ್ರಯಲ್ಸ್ ಆಫ್ ಲೈಫ್' 1990ರಲ್ಲಿ, ಗಿಡಗಳ ಬಾಳನ್ನು ಕುರಿತ ಸರಣಿ 1995ರಲ್ಲಿ, ಹಕ್ಕಿಗಳನ್ನು ಕುರಿತದ್ದು 1998ರಲ್ಲಿ ಬಂದವು. ಇವುಗಳ ಹಿಂದೆ ಇದ್ದ ತಾಳ್ಮೆ ಅಸಾಧಾರಣವಾದುದು. ದಕ್ಷಿಣ ಅಮೆರಿಕದ ಒಂದು ಜಾತಿಯ ಕಪ್ಪೆಯಲ್ಲಿ ಗಂಡು ತನ್ನ ಮರಿಗಳನ್ನು ಗಂಟಲಿನ ಚೀಲದಲ್ಲಿ ಇಟ್ಟುಕೊಂಡು ಬೆಳೆಸುತ್ತದೆ. ಬಲಿತ ಮೇಲೆ ಬಾಯಿಂದ ಹೊರಬಿಡುತ್ತದೆ. ಆ ಒಂದು ಕ್ಷಣವನ್ನು ಹಿಡಿಯಲು ಛಾಯಾಗ್ರಾಹಕನೊಬ್ಬನು ನೂರಾರು ಗಂಟೆ ಕಾಯ್ದು ಕುಳಿತನು. ನೋಡುಗನ ಪಾಲಿಗೆ ಅದು ಕೆಲವೇ ಸೆಕೆಂಡುಗಳ ದೃಶ್ಯ. ಆದರೆ ಕಾಯ್ದ ಕಾಲವು ಹೇಗೋ ಆ ದೃಶ್ಯದೊಳಗೆ ಸೇರಿಕೊಂಡಿರುತ್ತದೆ. ಅವಸರದಲ್ಲಿ ತೆಗೆದ ಚಿತ್ರಕ್ಕೂ ಕಾಯ್ದು ಪಡೆದ ಚಿತ್ರಕ್ಕೂ ಇರುವ ಅಂತರವನ್ನು ಮಕ್ಕಳೂ ಗುರುತಿಸಬಲ್ಲರು.

ಅದೇ ಸರಣಿಯ ಇನ್ನೊಂದು ಪ್ರಸಂಗ ಲೋಕಪ್ರಸಿದ್ಧವಾಗಿದೆ. 1978ರಲ್ಲಿ ಆಫ್ರಿಕದ ರುವಾಂಡಾದ ಬೆಟ್ಟಗಳಲ್ಲಿ ಗೊರಿಲ್ಲಾಗಳ ಬಳಿಗೆ ಹೋದಾಗ, ಹೆಬ್ಬೆರಳು ಇತರ ಬೆರಳುಗಳಿಗೆ ಎದುರಾಗಿ ಮಡಚುವುದರಿಂದ ಆಗುವ ಉಪಯೋಗವನ್ನು ಕುರಿತು ಅಟೆನ್‌ಬರೊ ಅಲ್ಲಿ ಮಾತನಾಡಬೇಕಾಗಿತ್ತು. ಆ ದೊಡ್ಡ ಪ್ರಾಣಿಗಳ ನಡುವೆ ಕುಳಿತಾಗ ಅವರಿಗೆ ಆ ಪಾಠ ಅಪ್ರಸ್ತುತವೆನಿಸಿತು. ಅದನ್ನು ಬಿಟ್ಟು, ದನಿ ತಗ್ಗಿಸಿ, ಆ ಪ್ರಾಣಿಯ ದೃಷ್ಟಿಯೊಡನೆ ತಮ್ಮ ದೃಷ್ಟಿ ಕೂಡಿದಾಗ ಆಗುವ ಅನುಭವವನ್ನಷ್ಟೇ ಪಿಸುಮಾತಿನಲ್ಲಿ ಹೇಳಿದರು. ಹೇಳಬೇಕಾದ ಮಾತು ಬಾಯಲ್ಲಿ ಸಿದ್ಧವಾಗಿದ್ದರೂ ಅದನ್ನು ನುಂಗಿಕೊಂಡದ್ದೇ ಆ ದೃಶ್ಯದ ಹಿರಿಮೆ. ತಿಳಿದವನು ಮಾತನಾಡುವುದು ಸಹಜ. ತಿಳಿದವನು ಸುಮ್ಮನಾಗುವುದು ಕಷ್ಟ.

ನಾರಾಯಣಪುರದ ಶಿಕ್ಷಕರಿಗೆ ಈ ಕಷ್ಟವು ಅರಿವಾದದ್ದು ಬಹಳ ತಡವಾಗಿ, ಅದೂ ಒಂದು ಅವಮಾನದ ಮೂಲಕ.

1990ರ ದಶಕದಲ್ಲಿ ಅವರು ಸಮೀಪದ ಹಳ್ಳಿಯ ಸರಕಾರಿ ಶಾಲೆಯಲ್ಲಿದ್ದರು. ಆಣೆಕಟ್ಟಿನ ನೌಕರರ ಕಾಲೊನಿಯಲ್ಲಿ ಅಭಿಯಂತರರೊಬ್ಬರ ಮನೆಯಲ್ಲಿ ಬಣ್ಣದ ಟಿವಿಯೂ ನಿಸರ್ಗ ಚಿತ್ರಗಳ ವಿಡಿಯೊ ಕ್ಯಾಸೆಟ್ಟುಗಳೂ ಇದ್ದವು. 1995ರಲ್ಲಿ ಡಿಸ್ಕವರಿ ವಾಹಿನಿಯು ಭಾರತಕ್ಕೆ ಬಂದ ಮೇಲೆ ಕೇಬಲ್ಲಿನ ಮೂಲಕ ಅದೂ ದೊರೆಯತೊಡಗಿತು. ಆ ಗೃಹಸ್ಥರು ಉದಾರಿಗಳು. ಭಾನುವಾರ ಸಂಜೆ ಶಿಕ್ಷಕರು ಹತ್ತು ಹದಿನೈದು ಮಕ್ಕಳನ್ನು ಕರೆತಂದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸುತ್ತಿದ್ದರು. ಮಕ್ಕಳು ನೋಡುತ್ತಿದ್ದರು, ಆದರೆ ಧ್ವನಿಯು ಇಂಗ್ಲಿಷಿನಲ್ಲಿ ಇರುತ್ತಿತ್ತು. ಹೀಗಾಗಿ ಶಿಕ್ಷಕರು ಟಿವಿಯ ಪಕ್ಕದಲ್ಲಿ ನಿಂತು, ತಮಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಈ ಕೊರತೆಗೆ ಒಂದು ಇತಿಹಾಸವಿದೆ. ಕನ್ನಡ ಚಿತ್ರರಂಗವು ಇನ್ನೂ ಎಳೆಯದಾಗಿದ್ದ 1960ರ ದಶಕದಲ್ಲಿ, ಪರಭಾಷೆಯ ಚಿತ್ರಗಳ ಪ್ರವಾಹದಲ್ಲಿ ಇಲ್ಲಿಯ ಕಲಾವಿದರ ಬದುಕು ಕೊಚ್ಚಿಹೋಗಬಾರದೆಂಬ ಕಾಳಜಿಯಿಂದ ಡಬ್ಬಿಂಗನ್ನು ವಿರೋಧಿಸುವ ಚಳವಳಿ ಹುಟ್ಟಿತು. ಅದರ ಉದ್ದೇಶ ನಾಡುನುಡಿಯ ರಕ್ಷಣೆಯೇ ಆಗಿತ್ತು. ಕಾನೂನಿನಲ್ಲಿ ಯಾವ ನಿಷೇಧವೂ ಇರಲಿಲ್ಲವಾದರೂ ಆ ಕಟ್ಟಳೆ ಐದು ದಶಕ ನಡೆಯಿತು. ಅದರ ನೆರಳು ಕಥಾಚಿತ್ರಗಳನ್ನು ದಾಟಿ, ಯಾವ ನಟನ ಅನ್ನವನ್ನೂ ಕಸಿಯದ ಆನೆ, ತಿಮಿಂಗಿಲಗಳ ಚಿತ್ರಗಳ ಮೇಲೂ ಬಿದ್ದಿತು. ತಮಿಳು, ತೆಲುಗಿನ ಮಕ್ಕಳು ತಮ್ಮ ನುಡಿಯಲ್ಲಿ ಡಿಸ್ಕವರಿ ನೋಡತೊಡಗಿದ ಮೇಲೂ ಕನ್ನಡದ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಕನ್ನಡ ಗ್ರಾಹಕರ ಕೂಟವು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಒಯ್ದ ದೂರಿನ ಮೇಲೆ, 2015ರ ಜುಲೈನಲ್ಲಿ ಆಯೋಗವು ಡಬ್ಬಿಂಗಿಗೆ ಒಡ್ಡುವ ಇಂತಹ ತಡೆಯು ಸಲ್ಲದೆಂದು ಆದೇಶಿಸಿತು. ಅಲ್ಲಿಯವರೆಗೆ ಕಾಡಿನ ಪ್ರಾಣಿಗಳಿಗೆ ಕನ್ನಡದ ಧ್ವನಿಯಾದವರು ಎಲ್ಲೆಲ್ಲಿಯೋ ಇದ್ದ ಇಂತಹ ಶಿಕ್ಷಕರು, ತಂದೆತಾಯಂದಿರು, ಅಕ್ಕ ಅಣ್ಣಂದಿರು.

ಈ ಶಿಕ್ಷಕರಿಗೆ ಇಂಗ್ಲಿಷು ಪುಸ್ತಕದಲ್ಲಿ ತಿಳಿಯುತ್ತಿತ್ತು, ಕಿವಿಗೆ ಅಷ್ಟಾಗಿ ಎಟುಕುತ್ತಿರಲಿಲ್ಲ. ತಿಳಿಯದ ಕಡೆ ಊಹೆಯಿಂದ ತುಂಬುತ್ತಿದ್ದರು. ಊಹೆಯೂ ಸಾಲದಿದ್ದಾಗ ನೀತಿ ಹೇಳುತ್ತಿದ್ದರು. ಇರುವೆ ಕಂಡರೆ ಶ್ರಮದ ಪಾಠ, ಜಿಂಕೆ ಕಂಡರೆ ಸಾಧುತ್ವದ ಪಾಠ, ಹುಲಿ ಕಂಡರೆ ಹಿಂಸೆಯ ನಿಂದೆ. ಚಿತ್ರದಲ್ಲಿ ಧ್ವನಿಯು ಸುಮ್ಮನಾದ ಗಳಿಗೆಗಳಲ್ಲಿಯೂ ಅವರ ಮಾತು ನಡೆದೇ ಇರುತ್ತಿತ್ತು.

1996ರ ಬೇಸಿಗೆಯ ಒಂದು ಭಾನುವಾರ ಪರದೆಯ ಮೇಲೆ ಮೊಸಳೆ ಬಂದಿತು. ತಾಯಿಮೊಸಳೆಯು ಮರಳನ್ನು ಬಗೆದು, ಆಗತಾನೆ ಮೊಟ್ಟೆಯೊಡೆದು ಬಂದ ಮರಿಗಳನ್ನು ಒಂದೊಂದಾಗಿ ಬಾಯಿಗೆ ತೆಗೆದುಕೊಳ್ಳುತ್ತಿತ್ತು. ಶಿಕ್ಷಕರು ಕೂಡಲೇ, "ನೋಡಿರಿ ಮಕ್ಕಳೇ, ಎಂತಹ ಕ್ರೂರ ಪ್ರಾಣಿ! ತಾನು ಹೆತ್ತ ಮರಿಗಳನ್ನೇ ನುಂಗುತ್ತಿದೆ" ಎಂದರು. ಮಕ್ಕಳು ಮುಖ ಕಿವಿಚಿಕೊಂಡರು. ಆಗ ಹಿಂದಿನ ಸಾಲಿನಿಂದ ಅಂಬಿಗರ ಹುಡುಗನೊಬ್ಬನು ಎದ್ದು ನಿಂತು ಹೇಳಿದನು:

"ಇಲ್ರಿ ಸರ್, ತಿನ್ನಕತ್ತಿಲ್ರಿ ಅದು. ಬಾಯಾಗ ಇಟಗೊಂಡು ನೀರಿಗಿ ಒಯ್ಯಕತ್ತದ್ರಿ. ನಮ್ಮಪ್ಪ ನೋಡ್ಯಾನ್ರಿ."

"ನಿನಗೇನು ಗೊತ್ತು? ಸುಮ್ಮನೆ ಕುಳಿತುಕೋ" ಎಂದು ಶಿಕ್ಷಕರು ಗದರಿಸಿದರು. ಕೆಲವು ಮಕ್ಕಳು ನಕ್ಕರು. ಹುಡುಗನು ಕುಳಿತನು. ಅಷ್ಟರಲ್ಲಿ ಪರದೆಯ ಮೇಲೆ ಮೊಸಳೆಯು ನಿಧಾನವಾಗಿ ನೀರಿಗಿಳಿದು, ಕತ್ತಿಯಂತಹ ಹಲ್ಲುಗಳ ದವಡೆಯನ್ನು ತೆರೆಯಿತು. ಮರಿಗಳು ಒಂದರ ಹಿಂದೊಂದು ಈಜುತ್ತ ಹೊರಬಂದವು. ಇಂಗ್ಲಿಷಿನ ಧ್ವನಿಯು ಅದನ್ನೇ ಮೊದಲಿನಿಂದಲೂ ಹೇಳುತ್ತಿತ್ತು. ಅದರ ಮೇಲೆ ಮಾತನಾಡುತ್ತಿದ್ದುದರಿಂದ ಶಿಕ್ಷಕರಿಗೆ ಕೇಳಿಸಿರಲಿಲ್ಲ. ಪಡಸಾಲೆ ನಿಶ್ಶಬ್ದವಾಯಿತು. ಅವರು ಹಿಂದಿನ ಸಾಲಿನತ್ತ ನೋಡಿದರು. ಹುಡುಗನ ಮುಖದಲ್ಲಿ ತಾನು ಗೆದ್ದೆನೆಂಬ ಭಾವವೇನೂ ಇರಲಿಲ್ಲ. ಅವನು ಬೆರಳು ಮಡಚುತ್ತ ಮರಿಗಳನ್ನು ಎಣಿಸುತ್ತಿದ್ದನು.

ಮುಂದಿನ ಭಾನುವಾರ ಆ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳುವುದು ಸುಲಭ, ನೊಂದ ಮಗುವಿನ ಮನಸ್ಸನ್ನು ತಿದ್ದುವುದು ಹಾಗಲ್ಲ. ಮೂರನೆಯ ವಾರ ಶಿಕ್ಷಕರು ನದಿಯ ದಂಡೆಯ ಗುಡಿಸಲಿಗೆ ತಾವೇ ಹೋದರು. ಬಲೆ ನೇಯುತ್ತಿದ್ದ ತಂದೆಯು ಗಾಬರಿಯಿಂದ ಎದ್ದುನಿಂತನು. ಮಗನು ಏನೋ ಅಪರಾಧ ಮಾಡಿರಬೇಕೆಂದು ಅವನು ತಿಳಿದಿದ್ದನು. ಬಂದ ಕಾರಣ ತಿಳಿದ ಮೇಲೆ ಅವನು ನಾಚಿ, "ಹುಡುಗುರ ಮಾತು ಬಿಡ್ರಿ ಸರ್" ಎಂದನು. ಶಿಕ್ಷಕರು ಬಿಡಲಿಲ್ಲ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರು. ಅವನ ಉತ್ತರ ಚಿಕ್ಕದು:

"ನಾ ಏನೂ ಓದಿಲ್ರಿ. ಸುಮ್ಮ ಕುಂತು ನೋಡೀನ್ರಿ, ಅಷ್ಟ."

ಆ ಸಂಜೆ ಅವನು ಶಿಕ್ಷಕರನ್ನು ಹರಗೋಲಿನಲ್ಲಿ ಕೂರಿಸಿಕೊಂಡು, ಕಟ್ಟೆಯ ಕೆಳಗೆ ನದಿಯ ಒಂದು ಮರಳದಿಣ್ಣೆಯ ಎದುರಿಗೆ ಒಯ್ದನು. ಕೃಷ್ಣೆಯಲ್ಲಿರುವುದು ಸಿಹಿನೀರಿನ ಮಗ್ಗರ್ ಜಾತಿಯ ಮೊಸಳೆ. ಅದು ಬೇಸಿಗೆಯ ಮೊದಲಲ್ಲಿ ದಂಡೆಯ ಮರಳಿನಲ್ಲಿ ಗುಣಿ ತೋಡಿ ಮೊಟ್ಟೆ ಇಡುತ್ತದೆ. ಎರಡು ತಿಂಗಳಿನಷ್ಟು ಕಾಲ ತಾಯಿಯು ಗೂಡಿನ ಸುತ್ತ ಕಾವಲಿರುತ್ತದೆ. ಮಳೆಗಾಲಕ್ಕೆ ಮುನ್ನ, ಮೊಟ್ಟೆಯೊಳಗಿನಿಂದಲೇ ಮರಿಗಳು ಕೂಗುತ್ತವೆ. ಆ ದನಿಯನ್ನು ಕೇಳಿ ತಾಯಿ ಮರಳನ್ನು ಬಗೆಯುತ್ತದೆ. ಅಂಬಿಗನು ಇದನ್ನೆಲ್ಲ ತನ್ನ ಮಾತಿನಲ್ಲಿ, ರೋಹಿಣಿ ಮಳೆಯ ಲೆಕ್ಕದಲ್ಲಿ ಹೇಳಿದನು. ಆಮೇಲೆ ಹುಟ್ಟು ಎತ್ತಿಟ್ಟು ಸುಮ್ಮನಾದನು. ಒಂದು ತಾಸು ಯಾರೂ ಮಾತನಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ಕಲ್ಲುಬಂಡೆಯೆಂದು ಶಿಕ್ಷಕರು ತಿಳಿದಿದ್ದ ವಸ್ತುವೊಂದು ಮೆಲ್ಲನೆ ನೀರಿಗೆ ಜಾರಿತು. ಅದು ಅವರ ಎದುರಿಗೇ ಅಷ್ಟು ಹೊತ್ತೂ ಇತ್ತು.

ಶರಣರ ಪರಂಪರೆಯಲ್ಲಿ ಅಂಬಿಗರ ಚೌಡಯ್ಯನಂತಹ ದೋಣಿ ನಡೆಸುವವನ ಮಾತಿಗೂ ಪಂಡಿತನ ಮಾತಿನಷ್ಟೇ ಬೆಲೆ ಏಕೆ ಬಂದಿತೆಂಬುದನ್ನು ಈ ಶಿಕ್ಷಕರು ಪಾಠದಲ್ಲಿ ಹಲವು ಸಲ ವಿವರಿಸಿದ್ದರು. ಹರಗೋಲಿನಲ್ಲಿ ಕುಳಿತ ಆ ಸಂಜೆ ಅದರ ಅರ್ಥ ಅವರಿಗೆ ಹೊಳೆಯಿತು. ಓದಿ ಹೇಳುವುದು ಬೇರೆ, ಕಂಡು ಹೇಳುವುದು ಬೇರೆ. ಕಂಡವನ ಮಾತು ಕಡಿಮೆ ಇರುತ್ತದೆ.

ಮರುವಾರದಿಂದ ಹುಡುಗನು ಮತ್ತೆ ಬರತೊಡಗಿದನು. ಶಿಕ್ಷಕರು ಟಿವಿಯ ಪಕ್ಕದಿಂದ ಎದ್ದು ಮಕ್ಕಳ ಸಾಲಿನಲ್ಲಿ ಕುಳಿತರು. ಮೊದಲು ಎಲ್ಲರೂ ನೋಡುವುದು, ಆಮೇಲೆ ಮಕ್ಕಳು ಕಂಡದ್ದನ್ನು ಹೇಳುವುದು, ಕೊನೆಗೆ ತಮಗೆ ತಿಳಿದದ್ದನ್ನು ಹೇಳುವುದು, ತಿಳಿಯದ್ದನ್ನು ತಿಳಿಯದೆಂದೇ ಒಪ್ಪಿಕೊಳ್ಳುವುದು ಎಂಬ ಪದ್ಧತಿ ಅಂದಿನಿಂದ ಬಂದಿತು. ಹಾಗೆ ನೋಡತೊಡಗಿದ ಮೇಲೆಯೇ ಆ ಚಿತ್ರಗಳ ನಿಜವಾದ ಗುಣವು ಅವರಿಗೆ ಕಂಡಿತು. ಉತ್ತಮ ಚಿತ್ರದಲ್ಲಿ ನಿರೂಪಕನು ಅಗತ್ಯವಿದ್ದಲ್ಲಿ ಮಾತ್ರ ಮಾತನಾಡುತ್ತಾನೆ. ಜೀವಿಯು ತಾನೇ ತನ್ನ ಕಥೆ ಹೇಳುವಾಗ ಹಿಂದೆ ಸರಿಯುತ್ತಾನೆ. ಒಂದು ಜೀವಿ ಹೀಗೇಕೆ ಇದೆಯೆಂಬ ಪ್ರಶ್ನೆಗೆ ಕಾರಣವನ್ನು ಕ್ರಮವಾಗಿ ಬಿಡಿಸಿ ತೋರಿಸುತ್ತಾನೆ. ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ತೀರ್ಪು ಕೊಡಲು ಅವಸರಪಡುವುದಿಲ್ಲ. ನೋಡುಗನನ್ನು ದಡ್ಡನೆಂದು ಭಾವಿಸುವುದೂ ಇಲ್ಲ. ಹಳೆಯ ಚಿತ್ರಗಳ ಸೆಳೆತ ಉಳಿದಿರುವುದು ಈ ಗೌರವದ ಕಾರಣದಿಂದ. ಅವು ಜೀವಿಯನ್ನೂ ನೋಡುಗನನ್ನೂ ಏಕಕಾಲಕ್ಕೆ ಗೌರವಿಸಿದವು.

ಹಾಗೆಂದು ಅವುಗಳಲ್ಲಿ ದೋಷವೇ ಇಲ್ಲವೆಂದು ಹೇಳಿದರೆ ಅದೂ ಕುರುಡುಭಕ್ತಿಯೇ ಆದೀತು. 1958ರಲ್ಲಿ ಡಿಸ್ನಿ ಸಂಸ್ಥೆಯು ತೆಗೆದ 'ವೈಟ್ ವೈಲ್ಡರ್ನೆಸ್' ಚಿತ್ರದಲ್ಲಿ ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಗುಂಪುಗುಂಪಾಗಿ ನೀರಿಗೆ ಹಾರಿ ಸಾಯುವಂತೆ ತೋರಿಸಿದರು. ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಆ ದೃಶ್ಯವನ್ನು ಚಿತ್ರತಂಡದವರೇ ಕೃತಕವಾಗಿ ನಿರ್ಮಿಸಿದ್ದರೆಂಬುದು ಬಹುಕಾಲದ ಮೇಲೆ ಬಯಲಾಯಿತು. ಅಷ್ಟರಲ್ಲಿ ಆ ಸುಳ್ಳು ಲೋಕದ ಗಾದೆಯೇ ಆಗಿಹೋಗಿತ್ತು. 2011ರ 'ಫ್ರೋಜನ್ ಪ್ಲಾನೆಟ್' ಸರಣಿಯಲ್ಲಿ ಹಿಮಕರಡಿಯ ಮರಿಗಳ ದೃಶ್ಯವನ್ನು ಮೃಗಾಲಯದಲ್ಲಿ ಚಿತ್ರಿಸಿದ್ದು ತಿಳಿದಾಗಲೂ ಆಕ್ಷೇಪಗಳು ಎದ್ದವು. ದೂರದಿಂದ ತೆಗೆದ ಎಷ್ಟೋ ದೃಶ್ಯಗಳಲ್ಲಿ ಕೇಳುವ ಹೆಜ್ಜೆಯ ಸಪ್ಪಳ, ರೆಕ್ಕೆಯ ಸದ್ದು ಆಮೇಲೆ ಸೇರಿಸಿದವು. ಇವೆಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹಳೆಯ ಚಿತ್ರಗಳಲ್ಲಿ ಕಾಡಿದೆ, ನದಿಯಿದೆ. ಅಲ್ಲಿ ಬಾಳುವ ಜನರು ಬಹುಮಟ್ಟಿಗೆ ಕಾಣುವುದಿಲ್ಲ. ಹಿನ್ನೀರಿನಲ್ಲಿ ಹೊಲ ಕಳೆದುಕೊಂಡ ಮನೆಯ ಮಗನಾದ ಈ ಶಿಕ್ಷಕರಿಗೆ ಈ ಕೊರತೆ ಬೇಗನೆ ತಿಳಿಯಿತು. ನದಿಯ ಚಿತ್ರವನ್ನು ನೋಡುವಾಗಲೆಲ್ಲ, ಈ ನೀರಿನ ಕೆಳಗೆ ಯಾರ ಹೊಲವಿದೆಯೋ ಎಂದು ಅವರ ಮನಸ್ಸು ಕೇಳುತ್ತಿತ್ತು. ಅಟೆನ್‌ಬರೊ ಅವರ ಮುಂದಿನ ಕಾಲದ ಕೆಲಸದಲ್ಲಿ, ವಿಶೇಷವಾಗಿ 2020ರ 'ಎ ಲೈಫ್ ಆನ್ ಅವರ್ ಪ್ಲಾನೆಟ್' ಚಿತ್ರದಲ್ಲಿ, ಮನುಷ್ಯನಿಂದ ಆದ ಹಾನಿಯ ಲೆಕ್ಕ ನೇರವಾಗಿ ಬಂದಿದೆ. ನೋಟವು ಪ್ರಾಮಾಣಿಕವಾಗಿದ್ದರೆ ಕೊನೆಗೆ ನೋಡುವವನ ಕಡೆಗೂ ತಿರುಗಲೇಬೇಕಾಗುತ್ತದೆ.

ದೂರದ ಲೋಕವನ್ನು ತೋರಿಸಿದ ಚಿತ್ರಗಳು ಹತ್ತಿರದ ಲೋಕಕ್ಕೂ ಕಣ್ಣು ತೆರೆಸಿದವು. 2006ರ 'ಪ್ಲಾನೆಟ್ ಅರ್ತ್' ಸರಣಿಯಲ್ಲಿ ಒಂದು ಜಾತಿಯ ಕ್ರೌಂಚಪಕ್ಷಿಗಳು ಹಿಮಾಲಯವನ್ನು ದಾಟುವ ದೃಶ್ಯವಿದೆ. ಬಿರುಗಾಳಿಯಲ್ಲಿ ಸಾಲು ಮುರಿದು ಹಿಂದಿರುಗಿ, ಮತ್ತೆ ಮೇಲೇರುವ ಆ ಹಕ್ಕಿಗಳನ್ನು ಹದ್ದುಗಳು ಬೆನ್ನಟ್ಟುತ್ತವೆ. ಆ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ಬಾಗಲಕೋಟೆಯ ಬಳಿ ಆಲಮಟ್ಟಿಯ ಹಿನ್ನೀರಿನಲ್ಲಿ ಇಳಿಯುತ್ತವೆಂಬುದು ತಿಳಿದಾಗ ಶಿಕ್ಷಕರು ಬೆರಗಾದರು. ಅಲ್ಲಿಂದ ಹರಿದ ನೀರೇ ನಾರಾಯಣಪುರಕ್ಕೆ ಬರುವುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಬರುತ್ತವೆ. 2024ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಇತ್ತ ಸುರಪುರದ ಬೋನಾಳ ಕೆರೆಯೇ ಒಂದು ಪಕ್ಷಿಧಾಮ. ಶಿಕ್ಷಕರು ಮಕ್ಕಳನ್ನು ಬುತ್ತಿ ಕಟ್ಟಿಸಿ ಬೋನಾಳಕ್ಕೆ ಕರೆದೊಯ್ದರು. ಟಿವಿಯಲ್ಲಿ ಕಂಡದ್ದನ್ನು ನಿಜದಲ್ಲಿ ಹುಡುಕುತ್ತಿದ್ದ ಮಕ್ಕಳಿಗೆ ಮೊದಲು ನಿರಾಸೆಯಾಯಿತು. ಹಕ್ಕಿಗಳು ದೂರದಲ್ಲಿದ್ದವು, ಚಿಕ್ಕದಾಗಿದ್ದವು, ಹೆಚ್ಚು ಹೊತ್ತು ಏನನ್ನೂ ಮಾಡುತ್ತಿರಲಿಲ್ಲ. ನಿಸರ್ಗದ ನಿಜವಾದ ನಡೆ ಅಷ್ಟು ನಿಧಾನವೆಂಬುದೇ ಅಂದಿನ ಪಾಠವಾಯಿತು.

ಕನ್ನಡ ನಾಡಿನವರೇ ಕ್ಯಾಮೆರಾ ಹಿಡಿದು ಕಾಯ್ದು ಕುಳಿತ ನಿದರ್ಶನಗಳೂ ಇವೆ. ಮೈಸೂರಿನ ಕೃಪಾಕರ ಮತ್ತು ಸೇನಾನಿ ಅವರು ಕಾಡುನಾಯಿಗಳ, ಅಂದರೆ ಸೀಳುನಾಯಿಗಳ, ಬಾಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದರು. ಕ್ರೂರಿಯೆಂದು ಬೇಟೆಗಾರರಿಂದಲೂ ಸರಕಾರದಿಂದಲೂ ಒಂದು ಕಾಲದಲ್ಲಿ ಕೊಲ್ಲಲ್ಪಡುತ್ತಿದ್ದ ಆ ಪ್ರಾಣಿಯು ಕುಟುಂಬವಾಗಿ ಬಾಳುವ ಬಗೆಯನ್ನು ಅವರು ತೋರಿಸಿದರು. ಅವರ 'ದ ಪ್ಯಾಕ್' ಸರಣಿಗೆ 2010ರಲ್ಲಿ 'ಗ್ರೀನ್ ಆಸ್ಕರ್' ಎಂದು ಹೆಸರಾದ ಪ್ರಶಸ್ತಿ ಬಂದಿತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ 'ವೈಲ್ಡ್ ಕರ್ನಾಟಕ' ಚಿತ್ರವು 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಅದಕ್ಕೆ ಧ್ವನಿ ನೀಡಿದವರು ಸ್ವತಃ ಅಟೆನ್‌ಬರೊ. 2021ರಲ್ಲಿ ಪ್ರಕಟವಾದ 67ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಆ ಚಿತ್ರಕ್ಕೂ ಅವರ ನಿರೂಪಣೆಗೂ ಪ್ರಶಸ್ತಿ ಸಂದಿತು. ಲೋಕವನ್ನೆಲ್ಲ ಸುತ್ತಿದ ಆ ಮುದಿದನಿಯು ಕರ್ನಾಟಕದ ಕಾಡನ್ನು ಕುರಿತು ಮಾತನಾಡಿದ್ದನ್ನು ಕೇಳಿ ನಾರಾಯಣಪುರದ ಶಿಕ್ಷಕರು ಕಣ್ಣೊರೆಸಿಕೊಂಡರಂತೆ.

ಇಂತಹ ನೋಟದಿಂದ ಲೋಕಕ್ಕೆ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ, ಆಣೆಕಟ್ಟಿನ ಬಾಗಿಲುಗಳಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿದಾಗ, ನದಿಪಾತ್ರದ ಹೊಲವೊಂದಕ್ಕೆ ಮೊಸಳೆಯೊಂದು ಬಂದು ಸೇರಿತು. ನೂರಾರು ಜನ ಬಡಿಗೆ, ಕಲ್ಲು ಹಿಡಿದು ಕೂಡಿದರು. ಅವರ ಭಯ ಸುಳ್ಳಲ್ಲ. ಮೊಸಳೆಯು ಮನುಷ್ಯನನ್ನು ಕೊಲ್ಲಬಲ್ಲದು, ದನಕರುಗಳನ್ನು ಎಳೆದೊಯ್ದದ್ದೂ ಉಂಟು. ಯಾರೋ ಅದನ್ನು ಮೊಬೈಲಿನಲ್ಲಿ ಚಿತ್ರಿಸಿ ಹಂಚಿದರು. ಆ ಚಿತ್ರವು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಒಬ್ಬನ ಕೈಗೆ ತಲುಪಿತು. ಅವನೇ ಹಿಂದೆ ಮರಿಗಳನ್ನು ಎಣಿಸಿದ ಅಂಬಿಗರ ಹುಡುಗ. ಅವನು ಕೂಡಲೇ ಶಿಕ್ಷಕರಿಗೆ ಫೋನ್ ಮಾಡಿ, "ಸರ್, ಅದಕ್ಕ ಹೊಡಿಬ್ಯಾಡ ಅಂತ ಹೇಳ್ರಿ. ನಿಮ್ಮ ಮಾತ ಕೇಳ್ತಾರ್ರಿ" ಎಂದನು.

ಶಿಕ್ಷಕರು ಛತ್ರಿ ಹಿಡಿದು ಕೆಸರಿನಲ್ಲಿ ನಡೆದು ಹೋದರು. ಭಾಷಣ ಮಾಡಲಿಲ್ಲ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಜನರನ್ನು ಹಿಂದಕ್ಕೆ ಸರಿಸಿ, ಅವರು ಬರುವವರೆಗೆ ಮಾತನಾಡದೆ ದೂರದಿಂದ ನೋಡಿರೆಂದಷ್ಟೇ ಬೇಡಿಕೊಂಡರು. ಮೊದಲು ಗೊಣಗಾಟವಿತ್ತು. ಆ ಗುಂಪಿನಲ್ಲಿ ಹಿಂದೆ ಜಮಖಾನೆಯ ಮೇಲೆ ಕುಳಿತಿದ್ದ ನಾಲ್ಕಾರು ಜನರೂ ಇದ್ದರು. ಅವರು ಕಲ್ಲು ಕೆಳಗಿಟ್ಟರು. ನಿಂತು ನೋಡುತ್ತಿದ್ದಂತೆ, ಕ್ರೂರಪ್ರಾಣಿಯೆಂದು ಕಂಡದ್ದು ಕ್ರಮೇಣ ದಣಿದ, ದಾರಿ ತಪ್ಪಿದ ಜೀವಿಯಾಗಿ ಕಂಡಿತು. ಸಿಬ್ಬಂದಿಯವರು ಬಂದು ಅದನ್ನು ಹಗ್ಗದಿಂದ ಬಿಗಿದು ಒಯ್ದು ನದಿಗೆ ಬಿಟ್ಟರು. ದಯೆಯೆಂಬುದು ಎಲ್ಲಿಂದ ಹುಟ್ಟುತ್ತದೆಂಬುದಕ್ಕೆ ಇದೊಂದು ಉತ್ತರ. ಅದು ಸರಿಯಾಗಿ ನೋಡುವುದರಿಂದ ಹುಟ್ಟುತ್ತದೆ.

ಶಿಕ್ಷಕರು ಈಗ ನಿವೃತ್ತರು. ಮೊಮ್ಮಗನ ಕೈಯಲ್ಲಿರುವ ಮೊಬೈಲಿನಲ್ಲಿ ಹಳೆಯ ಚಿತ್ರಗಳು ಬಿಡಿಬಿಡಿ ತುಣುಕುಗಳಾಗಿ ಸಿಗುತ್ತವೆ. ಬೇಟೆಯಾಡುವ ಗಳಿಗೆ ಮಾತ್ರ ಇರುತ್ತದೆ, ಕಾಯುವ ಗಳಿಗೆ ಇರುವುದಿಲ್ಲ. ಹುಡುಗನು ಅದನ್ನೂ ದುಪ್ಪಟ್ಟು ವೇಗದಲ್ಲಿ ಓಡಿಸುತ್ತಾನೆ. ಒಂದು ದಿನ ಅವನಿಗೆ ಮೊಸಳೆ ಮತ್ತು ಮರಿಗಳ ದೃಶ್ಯ ಸಿಕ್ಕಿತು. ಅಜ್ಜನು ಅದನ್ನು ಮೊದಲಿನಿಂದ, ಅದರ ಸಹಜ ನಡೆಯಲ್ಲಿ ಹಾಕಲು ಹೇಳಿದನು. ತಾಯಿಯು ಬಾಯಿ ತೆರೆದಾಗ ಮೊಮ್ಮಗನು ಗಾಬರಿಯಿಂದ, "ತಿನ್ನಕತ್ತದೇನ್ ಅಜ್ಜ?" ಎಂದು ಕೇಳಿದನು.

"ಮೊದಲ ನೋಡು. ಆಮ್ಯಾಲ ಹೇಳ್ತೀನಿ."

ಹುಡುಗನು ನೋಡಿದನು. ದೃಶ್ಯ ಮುಗಿದ ಮೇಲೆ ಅಜ್ಜನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಸಂಜೆ ಇಬ್ಬರೂ ನದಿಯ ದಂಡೆಗೆ ಹೋಗಿ ಮರಳದಿಣ್ಣೆಯ ಎದುರಿಗೆ ದೂರದಲ್ಲಿ ಕುಳಿತರು. ಅಂದು ಮೊಸಳೆ ಕಾಣಲಿಲ್ಲ. ಒಂದು ಬೆಳ್ಳಕ್ಕಿ ಬಂದು ಕುಳಿತು, ಬಹಳ ಹೊತ್ತು ನೀರನ್ನೇ ನೋಡಿ, ಏನೂ ಸಿಗದೆ ಹಾರಿಹೋಯಿತು. ಕತ್ತಲಾಯಿತೆಂದು ಅಜ್ಜನು ಎದ್ದಾಗ, ಇನ್ನೂ ಸ್ವಲ್ಪ ಹೊತ್ತು ಕುಳಿತಿರೋಣವೆಂದು ಕೈಹಿಡಿದು ಕೂರಿಸಿದವನು ಮೊಮ್ಮಗನೇ.